ಶೆಡ್ಡಿನಲ್ಲಿ ಸಂಸಾರ, ಕಣ್ಣೆದುರಿಗೆ ಅರ್ಧ ಎದ್ದ ಮನೆ

ಪ್ರಶ್ನೆ: ನಮ್ಮದೇ ನಿವೇಶನದ ಮೂಲೆಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡು, ನಾನು, ನನ್ನ ಪತಿ, ಇಬ್ಬರು ಮಕ್ಕಳು ಮತ್ತು ವಯಸ್ಸಾದ ಅತ್ತೆ ಒಂದೂವರೆ ವರ್ಷದಿಂದ ವಾಸವಾಗಿದ್ದೇವೆ. ಬಾಡಿಗೆ ಉಳಿದರೆ ಆ ಹಣವೂ ಮನೆಗೆ ಸೇರುತ್ತದೆ ಎಂಬ ಲೆಕ್ಕದಲ್ಲಿ ಇಲ್ಲಿಗೆ ಬಂದವರು. ಪಾಯ ಮುಗಿದು ಕಂಬಗಳು ನಿಂತಿವೆ. ಕೈಯಲ್ಲಿದ್ದ ಹಣ ಅಷ್ಟಕ್ಕೇ ಮುಗಿಯಿತು. ಹಗಲು ಶೆಡ್ಡಿನೊಳಗೆ ಕೂರಲಾಗದಷ್ಟು ಸೆಕೆ, ಬೆಳಗಿನ ಜಾವ ತಗಡಿನಿಂದ ಹಾಸಿಗೆಯ ಮೇಲೆ ನೀರು ತೊಟ್ಟಿಕ್ಕುತ್ತದೆ. ಸ್ವಲ್ಪ ಸರಿಮಾಡಿಸೋಣ ಎಂದರೆ, ‘ನಾಳೆ ಕಿತ್ತುಹಾಕುವ ಶೆಡ್ಡಿಗೆ ಯಾಕೆ ದುಡ್ಡು ಹಾಕಬೇಕು’ ಎಂದು ನಮ್ಮ ಮನೆಯವರು ಕೇಳುತ್ತಾರೆ. ಯಾರ ಮಾತು ಸರಿ?

ಉತ್ತರ: ನಿಮ್ಮ ಮಾತೇ ಸರಿ ಎಂದು ನನಗೆ ತೋರುತ್ತದೆ. ನಿಮ್ಮ ಪತಿಯವರು ಹೇಳುವ ಆ ‘ನಾಳೆ’ ಈಗಾಗಲೇ ಒಂದೂವರೆ ವರ್ಷ ಮುಂದಕ್ಕೆ ಹೋಗಿದೆ. ನಿಮ್ಮ ಮಕ್ಕಳಲ್ಲಿ ಒಬ್ಬರಿಗೆ ಆರು ವರ್ಷವಾಗಿದ್ದರೆ, ಆ ಮಗುವಿನ ಆಯುಸ್ಸಿನ ಕಾಲುಭಾಗ ಈ ಶೆಡ್ಡಿನಲ್ಲೇ ಕಳೆದಂತಾಯಿತು. ಅದರ ಪಾಲಿಗೆ ಇದೇ ಮನೆ. ಹಣ ಸೇರಿದಂತೆಲ್ಲ ಕಟ್ಟುವವರು ಶೆಡ್ಡಿನಲ್ಲಿ ಎಷ್ಟು ಕಾಲ ಇರಬೇಕಾದೀತು ಎಂಬುದನ್ನು ಅಂದಾಜಿಗಿಂತ ಹೆಚ್ಚೇ ಎಂದು ಇಟ್ಟುಕೊಂಡು, ಅಷ್ಟು ಕಾಲ ಆರೋಗ್ಯ ಕೆಡದಂತೆ ಬಾಳಲು ಏನು ಬೇಕೋ ಅದಕ್ಕೆ ಧೈರ್ಯವಾಗಿ ಖರ್ಚು ಮಾಡಬೇಕು. ಆದರೆ ಪತಿಯವರ ಎಚ್ಚರಿಕೆಯನ್ನೂ ತಳ್ಳಿಹಾಕಬೇಡಿ. ಮುಂದೆ ಮನೆಗೇ ಆಗಿಬರುವ ಕೆಲಸಗಳಿಗೆ ಮೊದಲು ಕೈಹಾಕಿದರೆ ಇಬ್ಬರ ಮಾತೂ ನಡೆಯುತ್ತದೆ.

ನೀರಿನ ಸಂಪು ಮತ್ತು ಶೌಚಾಲಯ ಅಂಥ ಕೆಲಸಗಳು. ಶೆಡ್ಡಿನ ಹಿಂದೆ ತಾತ್ಕಾಲಿಕ ಗುಂಡಿ ತೋಡಿ ಮರೆ ಕಟ್ಟುವ ಬದಲು, ನಕ್ಷೆಯಲ್ಲಿ ಮನೆಯ ಶೌಚಾಲಯ ಎಲ್ಲಿದೆಯೋ ಅಲ್ಲಿಯೇ ಗೋಡೆ, ಬಾಗಿಲು, ಕೊಳವೆಗಳ ಸಮೇತ ಅದೊಂದನ್ನು ಪೂರ್ತಿ ಕಟ್ಟಿಬಿಡಿ. ರಾತ್ರಿ ಮಳೆಯಲ್ಲಿ ಹೊರಗೆ ಹೋಗಬೇಕಾದ ಅತ್ತೆಯವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ವಾಸ್ತುಶಿಲ್ಪಿ ಬಿ. ವಿ. ದೋಶಿಯವರು ಇಂದೋರಿನಲ್ಲಿ ‘ಅರಣ್ಯ’ ಎಂಬ ಹೆಸರಿನ ಬಡಾವಣೆಯನ್ನು ರೂಪಿಸಿದಾಗ, ಬಡ ಕುಟುಂಬಗಳಿಗೆ ಪೂರ್ತಿ ಮನೆ ಕಟ್ಟಿಕೊಡಲಿಲ್ಲ. ಪಾಯ ಮತ್ತು ಶೌಚಾಲಯದಂಥ ಮೂಲ ಸೌಕರ್ಯಗಳನ್ನು ಒದಗಿಸಿ, ಉಳಿದದ್ದನ್ನು ಅವರವರೇ ನಿಧಾನವಾಗಿ ಬೆಳೆಸಿಕೊಳ್ಳಲು ಬಿಟ್ಟರು. ಚಿಲಿ ದೇಶದ ವಾಸ್ತುಶಿಲ್ಪಿ ಅಲೆಹಾಂದ್ರೊ ಅರಾವೆನಾ ಅಲ್ಲಿನ ಇಕಿಕೆ ನಗರದಲ್ಲಿ ‘ಅರ್ಧ ಮನೆ’ಗಳನ್ನು ಕಟ್ಟಿದ್ದೂ ಇದೇ ತಿಳಿವಳಿಕೆಯಿಂದ: ಕುಟುಂಬವೊಂದು ತಾನಾಗಿ ಕಟ್ಟಿಕೊಳ್ಳಲು ಕಷ್ಟವಾಗುವ ಅರ್ಧವನ್ನು ಮೊದಲು ಮುಗಿಸಬೇಕು. ನೀವು ಇಬ್ಬರೂ ಕೂತು ನಿಮ್ಮ ಮನೆಯಲ್ಲಿ ಆ ಕಷ್ಟದ ಅರ್ಧ ಯಾವುದು ಎಂದು ಗುರುತು ಮಾಡಿಕೊಳ್ಳಿ.

ಇನ್ನು ತಗಡಿನಿಂದ ತೊಟ್ಟಿಕ್ಕುವ ನೀರಿನ ವಿಷಯ. ನಾನು ಚಿಕ್ಕವನಿದ್ದಾಗ ನಮ್ಮ ಕುಟುಂಬವೂ ಮೂರು ವರ್ಷ ಇಂಥದೇ ಶೆಡ್ಡಿನಲ್ಲಿತ್ತು. ನನ್ನ ತಾಯಿ ಬೆಳಗಿನ ಜಾವ ಎದ್ದು, ಕೋಲಿನ ತುದಿಗೆ ಬಟ್ಟೆ ಸುತ್ತಿ, ನಮ್ಮ ತಲೆಯ ಮೇಲಿನ ತಗಡನ್ನು ಒರೆಸುತ್ತಿದ್ದರು; ಆ ಬಟ್ಟೆಯನ್ನು ಬಕೀಟಿಗೆ ಹಿಂಡುವ ಸದ್ದಿಗೆ ನನಗೆ ಎಚ್ಚರವಾಗುತ್ತಿತ್ತು. ಮಾಡು ಸೋರುತ್ತಿದೆ ಎಂದೇ ನಾವು ತಿಳಿದಿದ್ದೆವು; ಅದು ಸೋರಿಕೆಯಲ್ಲ. ರಾತ್ರಿ ತಗಡು ತನ್ನ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟು ಒಳಗಿನ ಗಾಳಿಗಿಂತ ಬೇಗ ತಣ್ಣಗಾಗುತ್ತದೆ; ಮಲಗಿದವರ ಉಸಿರಿನ, ಅಡುಗೆಯ, ಒಳಗೆ ಹರವಿದ ಬಟ್ಟೆಯ ತೇವವೆಲ್ಲ ಆ ತಣ್ಣನೆಯ ತಗಡಿಗೆ ತಾಗಿ ಹನಿಗಟ್ಟುತ್ತದೆ. ಆದ್ದರಿಂದ ಮೇಲಿನಿಂದ ಎಷ್ಟು ಟಾರು ಬಳಿದರೂ ಅದು ನಿಲ್ಲುವುದಿಲ್ಲ. ತಗಡಿನ ಕೆಳಗೆ ಒಂದು ಗೇಣು ಜಾಗ ಬಿಟ್ಟು ಪ್ಲೈವುಡ್ಡಿನದೋ ಚಾಪೆಯದೋ ಒಳಮಾಡು ಕಟ್ಟಿ, ಆ ಸಂದಿನ ಎರಡೂ ತುದಿಗಳನ್ನು ಗಾಳಿಯಾಡಲು ತೆರೆದಿಡಿ. ಹಗಲಿನ ಸೆಕೆಗೂ ಇದೇ ಮದ್ದು: ಕಾದ ತಗಡಿನ ಝಳ ನೇರವಾಗಿ ನಿಮ್ಮ ಮೇಲೆ ಬೀಳದೆ, ಸಂದಿನ ಬಿಸಿಗಾಳಿ ಹೊರಕ್ಕೆ ಹೋಗುತ್ತದೆ. ತಗಡಿನ ಮೇಲ್ಮೈಗೆ ಬಿಳಿ ಬಣ್ಣ ಬಳಿದರೆ ಇನ್ನಷ್ಟು ಹಿತವಾಗುತ್ತದೆ.

ನೀವು ಕೇಳದಿದ್ದರೂ ಒಂದು ಮಾತನ್ನು ಹೇಳದೆ ಇರಲಾರೆ. ತಗಡಿನ ಶೆಡ್ಡಿನಲ್ಲಿ ಎಲ್ಲಕ್ಕಿಂತ ದೊಡ್ಡ ಅಪಾಯ ವಿದ್ಯುತ್ತಿನದು. ತಗಡಿನ ಅಂಚಿಗೆ ಉಜ್ಜಿ ವೈರಿನ ಹೊದಿಕೆ ಹರಿದರೆ ಇಡೀ ಗೋಡೆಗೇ ವಿದ್ಯುತ್ತು ಹರಿಯಬಹುದು, ಅದೂ ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತ ಮಗು ಮುಟ್ಟುವ ಗೋಡೆಗೆ. ವೈರುಗಳನ್ನು ಕೊಳವೆಯೊಳಗೆ ಹಾಯಿಸಿ, ಶೆಡ್ಡಿನ ತಗಡಿಗೂ ಚೌಕಟ್ಟಿಗೂ ಅರ್ಥಿಂಗ್ ಕೊಡಿಸಿ, 30 ಮಿಲಿಆಂಪಿಯರ್ ಸೋರಿಕೆಗೇ ಕಡಿದುಕೊಳ್ಳುವ ಆರ್‌ಸಿಸಿಬಿ ಸ್ವಿಚ್ಚನ್ನು ಹಾಕಿಸಿ. ಮನೆ ಮುಗಿದ ಮೇಲೆ ಆ ಸ್ವಿಚ್ಚು ಹೊಸ ಮನೆಯ ಫಲಕಕ್ಕೇ ಹೋಗುತ್ತದೆ, ಆದ್ದರಿಂದ ಅದರ ದುಡ್ಡು ವ್ಯರ್ಥವಾಯಿತೆಂದು ಯಾರೂ ಹೇಳಲಾರರು. ಚಳಿಯಲ್ಲಿ ಬಾಗಿಲು ಮುಚ್ಚಿಕೊಂಡು ಒಳಗೆ ಇದ್ದಿಲಿನ ಕೆಂಡ ಇಟ್ಟುಕೊಳ್ಳುವ ಅಭ್ಯಾಸವಿದ್ದರೆ ಇಂದೇ ಬಿಡಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರೆಯಲ್ಲಿದ್ದವರಿಗೆ ಎಚ್ಚರವೇ ಆಗುವುದಿಲ್ಲ.

ಪ್ರಶ್ನೆ: ನಮ್ಮ ಮನೆಯ ಕೆಲಸ ಕಂಬದ ಹಂತದಲ್ಲಿ ನಿಂತು ಎಂಟು ತಿಂಗಳಾಯಿತು. ಮೇಲೆ ಚಾಚಿಕೊಂಡಿರುವ ಕಂಬಿಗಳೆಲ್ಲ ತುಕ್ಕು ಹಿಡಿದು ಕೆಂಪಾಗಿವೆ. ಆಗ ಉಳಿದ ಸಿಮೆಂಟು ಮೂಟೆಗಳನ್ನು ನಾವು ವಾಸವಿರುವ ಶೆಡ್ಡಿನಲ್ಲೇ ಗೋಡೆಗೆ ಒರಗಿಸಿ ಇಟ್ಟಿದ್ದೇವೆ. ಮುಂದಿನ ತಿಂಗಳು ಕೆಲಸ ಆರಂಭಿಸಬೇಕೆಂದಿದ್ದೇವೆ. ಎರಡನ್ನೂ ಬಳಸಬಹುದೆ?

ಉತ್ತರ: ಕಂಬಿಯನ್ನು ನೋಡಿ ನಿರ್ಧರಿಸಬೇಕು, ಸಿಮೆಂಟನ್ನು ಗೋಡೆ ಮತ್ತು ಮೋಲ್ಡಿನ ಕೆಲಸಕ್ಕೆ ಬಳಸಬೇಡಿ.

ಕಂಬಿಯ ಮೇಲೆ ಬೆರಳಿನಿಂದ ಉಜ್ಜಿದರೆ ಕೆಂಪು ಪುಡಿ ಮಾತ್ರ ಬರುವಷ್ಟು ತುಕ್ಕಿದ್ದರೆ ಹೆದರಬೇಕಾಗಿಲ್ಲ. ತೆಳುವಾಗಿ ಅಂಟಿಕೊಂಡ ತುಕ್ಕಿನಿಂದ ಕಾಂಕ್ರೀಟಿನ ಹಿಡಿತಕ್ಕೆ ಕುಂದು ಬರುವುದಿಲ್ಲ. ಚಕ್ಕೆಚಕ್ಕೆಯಾಗಿ ಏಳುತ್ತಿದ್ದರೆ ತಂತಿಯ ಬ್ರಷ್ಷಿನಿಂದ ಚಕ್ಕೆಗಳೆಲ್ಲ ಉದುರುವವರೆಗೆ ಉಜ್ಜಿಸಿ, ಆಮೇಲೆ ಕಂಬಿಯ ದಪ್ಪವನ್ನು ಅಳೆಸಿ ಎಂಜಿನಿಯರಿಗೆ ತೋರಿಸಿ. ವಿಶೇಷವಾಗಿ ಕಂಬಿಯು ಹಳೆಯ ಕಾಂಕ್ರೀಟಿನಿಂದ ಹೊರಬರುವ ಬುಡವನ್ನು ನೋಡಿ. ಮಳೆನೀರು ನಿಲ್ಲುವುದು ಅಲ್ಲಿ, ಕಂಬಿ ಸವೆಯುವುದೂ ಅಲ್ಲಿಯೇ. ದಾರಿಗೆ ಅಡ್ಡವೆಂದು ಯಾರಾದರೂ ಕಂಬಿಗಳನ್ನು ಬಗ್ಗಿಸಿದ್ದರೆ, ಬಗ್ಗಿಸುವುದು, ನೆಟ್ಟಗೆ ಮಾಡುವುದು ಎಂದು ಮತ್ತೆ ಮತ್ತೆ ಮಾಡಬಾರದು, ಅದರಿಂದ ಉಕ್ಕು ಬಿರಿಯುತ್ತದೆ. ಕಂಬದ ನೆತ್ತಿಯನ್ನು ಕೊಚ್ಚಿ ಒರಟು ಮಾಡಿ, ಧೂಳು ತೊಳೆದು, ನೀರು ನಿಲ್ಲದಂತೆ ನೆನೆಸಿದ ಮೇಲೆಯೇ ಹೊಸ ಕಾಂಕ್ರೀಟು ಹಾಕಬೇಕು.

ಸಿಮೆಂಟಿನ ಮಾತು ಬೇರೆ. ಮೂಟೆ ಬಿಚ್ಚದೆ ಇಟ್ಟರೂ ಅದು ಗಾಳಿಯ ತೇವವನ್ನು ಎಳೆದುಕೊಂಡು ಬಲ ಕಳೆದುಕೊಳ್ಳುತ್ತದೆ. ಮೂರು ತಿಂಗಳು ದಾಟಿದ್ದನ್ನು ಪರೀಕ್ಷೆ ಮಾಡಿಸದೆ ಬಳಸಬಾರದು ಎಂಬುದು ಕಟ್ಟಡದ ಕೆಲಸದಲ್ಲಿ ಒಪ್ಪಿತವಾದ ನಿಯಮ. ನಿಮ್ಮ ಮೂಟೆಗಳು ಎಂಟು ತಿಂಗಳು, ಅದೂ ಜನರ ಉಸಿರಿನ ತೇವವೆಲ್ಲ ಹನಿಯುವ ಶೆಡ್ಡಿನ ಗೋಡೆಗೆ ತಾಗಿಕೊಂಡು ಇದ್ದವು. ಒಂದನ್ನು ಬಿಚ್ಚಿ ಅಂಗೈಗೆ ಹಾಕಿಕೊಂಡು ನೋಡಿ: ಹಿಟ್ಟಿನಂತೆ ಜಾರದೆ, ಬೆರಳಲ್ಲಿ ಹಿಸುಕಿದರೂ ಒಡೆಯದ ಗಂಟುಗಳಿದ್ದರೆ ಅದರ ಆಯುಸ್ಸು ಮುಗಿಯಿತು. ಗಂಟಿಲ್ಲದ್ದನ್ನು ಅಂಗಳದ ಕಲ್ಲಿನ ಸಂದು ತುಂಬಲು ಬಳಸಿಕೊಳ್ಳಬಹುದು, ಅಷ್ಟೇ. ಇನ್ನು ಮುಂದೆ ಮೂಟೆಗಳನ್ನು ಹಲಗೆಯ ಮೇಲೆ ನೆಲದಿಂದ ಮೇಲಕ್ಕೆ, ಗೋಡೆಯಿಂದ ಒಂದು ಅಡಿ ದೂರದಲ್ಲಿ, ಹತ್ತಕ್ಕಿಂತ ಹೆಚ್ಚು ಎತ್ತರವಾಗದಂತೆ ಜೋಡಿಸಿ; ಸಾಧ್ಯವಾದರೆ ಮಲಗುವ ಜಾಗದಿಂದ ಬೇರೆ ಇಡಿ. ಸಿಮೆಂಟಿನ ಧೂಳು ಕಣ್ಣಿಗೂ ಚರ್ಮಕ್ಕೂ ಕೆಟ್ಟದ್ದು, ಒದ್ದೆ ಸಿಮೆಂಟಂತೂ ಕೈಕಾಲು ಸುಡುವಷ್ಟು ಕ್ಷಾರ.

ಇದರ ಹಿಂದಿರುವ ತಪ್ಪನ್ನು ಸಂಕೋಚವಿಲ್ಲದೆ ಹೇಳುತ್ತೇನೆ, ಏಕೆಂದರೆ ನಮ್ಮ ತಂದೆಯವರೂ ಇದನ್ನೇ ಮಾಡಿದ್ದರು. ಹಣ ಮುಗಿದ ದಿನ ಕೆಲಸ ನಿಂತಿತು. ಎಲ್ಲಿ ನಿಂತಿತೋ ಅಲ್ಲಿಯೇ ಒಂದು ಮಳೆಗಾಲ ಕಳೆಯಿತು. ನಿಧಾನವಾಗಿ ಕಟ್ಟುವ ಮನೆ ಕೆಡುವುದು ಕೆಲಸ ನಡೆಯುವಾಗಲ್ಲ, ನಿಂತಾಗ. ಆದ್ದರಿಂದ ಕೆಲಸ ಆರಂಭಿಸುವ ಮೊದಲೇ ‘ಈ ಕಂತಿನ ಹಣಕ್ಕೆ ಎಲ್ಲಿ ನಿಲ್ಲಿಸುತ್ತೇವೆ’ ಎಂದು ಮೇಸ್ತ್ರಿಯ ಜೊತೆ ಕೂತು ಗೊತ್ತುಮಾಡಿಕೊಳ್ಳಿ. ಪಾಯದ ಮಟ್ಟ ನಿಲ್ಲಿಸಲು ಒಳ್ಳೆಯ ಜಾಗ: ಒಳಗೆ ಮಣ್ಣು ತುಂಬಿ ಗಟ್ಟಿಮಾಡಿ ಬಿಟ್ಟರೆ ಒಂದು ಮಳೆಗಾಲ ಕಳೆದ ಮಣ್ಣು ಇನ್ನಷ್ಟು ಕೂರುತ್ತದೆ. ಮೋಲ್ಡ್ ಹಾಕಿ, ನೀರು ಸರಾಗವಾಗಿ ಹರಿಯುವಂತೆ ಇಳಿಜಾರು ಮಾಡಿ ಮುಗಿಸಿದ ಹಂತವೂ ಒಳ್ಳೆಯದು. ಕಂಬ ನಿಂತು ಕಂಬಿ ಆಕಾಶ ನೋಡುವ ಹಂತ, ಮಾಡಿಲ್ಲದ ಅರ್ಧ ಗೋಡೆಯ ಹಂತ, ಇವೆರಡೂ ನಿಲ್ಲಿಸಬಾರದ ಜಾಗಗಳು. ಅನಿವಾರ್ಯವಾಗಿ ನಿಂತರೆ, ಆ ವಾರವೇ ಕಂಬಿಗಳಿಗೆ ಸಿಮೆಂಟು ಹಾಲು ಬಳಿದು, ತುದಿಗಳಿಗೆ ಪ್ಲಾಸ್ಟಿಕ್ ಟೊಪ್ಪಿ ಹಾಕಿ, ಗೋಡೆಯ ನೆತ್ತಿಯನ್ನು ಗಾರೆಯಿಂದ ಮುಚ್ಚಿ ಬಿಡಿ. ಆ ಟೊಪ್ಪಿ ಕಂಬಿಗಿಂತ ಹೆಚ್ಚಾಗಿ, ಸುತ್ತಮುತ್ತ ಓಡಾಡುವ ಮಕ್ಕಳ ಕಣ್ಣಿಗೆ ರಕ್ಷಣೆ. ಮತ್ತೆ ಕಾಂಕ್ರೀಟು ಹಾಕುವ ಮೊದಲು ಬಳಿದ ಹಾಲನ್ನು ಉಜ್ಜಿ ತೆಗೆಯುವುದನ್ನು ಮರೆಯಬಾರದು.

ಪ್ರಶ್ನೆ: ಶೌಚಾಲಯ ಮತ್ತು ಅದರ ಪಕ್ಕದ ಒಂದು ಕೋಣೆಗೆ ಮೋಲ್ಡ್ ಹಾಕಿ ಇಪ್ಪತ್ತು ದಿನವಾಗಿದೆ. ಗಿಲಾವು ಮುಗಿದು ನಾಲ್ಕು ದಿನವಾಯಿತು. ಶೆಡ್ಡಿನಲ್ಲಿ ಇದ್ದು ಸಾಕಾಗಿದೆ. ತಕ್ಷಣ ಆ ಕೋಣೆಗೆ ಹೋಗಿಬಿಡೋಣ, ಉಳಿದದ್ದನ್ನು ಅಲ್ಲಿದ್ದುಕೊಂಡೇ ಕಟ್ಟೋಣ ಎಂದುಕೊಂಡಿದ್ದೇವೆ. ತೊಂದರೆಯಿದೆಯೆ?

ಉತ್ತರ: ಒಂದು ಕೋಣೆ ಮುಗಿಸಿ ಒಳಗೆ ಹೋಗುವ ನಿಮ್ಮ ಯೋಚನೆ ತುಂಬ ಒಳ್ಳೆಯದು. ಅವಸರ ಮಾತ್ರ ಬೇಡ.

ಮೋಲ್ಡಿನ ಬಲದ ಲೆಕ್ಕ ಹಾಕುವುದು 28 ದಿನಕ್ಕೆ. ಕೆಳಗಿನ ಸೆಂಟ್ರಿಂಗನ್ನು ಯಾವಾಗ ಬಿಚ್ಚಬೇಕು ಎಂಬುದು ಕೋಣೆಯ ಅಗಲ, ಸಿಮೆಂಟಿನ ಬಗೆ, ಹವೆ ಇವುಗಳ ಮೇಲೆ ಹೋಗುತ್ತದೆ. ಎಂಜಿನಿಯರು ಬಿಚ್ಚಬಹುದೆಂದು ಹೇಳುವವರೆಗೆ ಅದರ ಒಂದು ಆಸರೆ ಕಂಬವನ್ನೂ ಕದಲಿಸಬೇಡಿ. ಗಿಲಾವಿಗೆ ಕನಿಷ್ಠ ಏಳು ದಿನ ನೀರು ಹೊಡೆಯಬೇಕು, ನಿಮ್ಮದಕ್ಕೆ ಇನ್ನೂ ನಾಲ್ಕೇ ದಿನ. ಈಗ ಒಳಗೆ ಹಾಸಿಗೆ ಹಾಸಿದರೆ ನೀರು ಹೊಡೆಯುವುದು ನಿಲ್ಲುತ್ತದೆ, ಗೋಡೆ ಬಿರುಕು ಬಿಡುತ್ತದೆ.

ಹೀಗೆ ನೀರು ಹೊಡೆಯುವ ಕ್ಯೂರಿಂಗ್ ಮುಗಿದ ಮೇಲೂ ಗೋಡೆಯೊಳಗೆ ತುಂಬ ನೀರು ಉಳಿದಿರುತ್ತದೆ. ಒಂದು ಘನ ಮೀಟರ್ ಕಾಂಕ್ರೀಟಿಗೆ ಸಾಮಾನ್ಯವಾಗಿ 150ರಿಂದ 200 ಲೀಟರ್ ನೀರು ಸೇರಿರುತ್ತದೆ. ಸಿಮೆಂಟು ಅದರಲ್ಲಿ ಒಂದು ಪಾಲನ್ನು ಮಾತ್ರ ತನ್ನೊಳಗೆ ಕಟ್ಟಿಕೊಳ್ಳುತ್ತದೆ, ಉಳಿದದ್ದು ತಿಂಗಳುಗಟ್ಟಲೆ ನಿಧಾನವಾಗಿ ಆರಿಹೋಗಬೇಕು. ಹಾಗೆ ಆರುವ ಮೊದಲೇ ಬಣ್ಣ ಬಳಿದು, ಬೀರುವನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಕಿಟಕಿ ಮುಚ್ಚಿಕೊಂಡು ಮಲಗಿದರೆ, ಬೀರುವಿನ ಹಿಂದೆ ಕಪ್ಪು ಬೂಷ್ಟು ಹಬ್ಬುತ್ತದೆ. ಉಬ್ಬಸವಿರುವವರಿಗೆ ಅದು ಬಹಳ ಕೆಟ್ಟದ್ದು.

ಗೋಡೆ ಆರಿದೆಯೇ ಎಂದು ತಿಳಿಯಲು ಒಂದು ಸುಲಭದ ಪರೀಕ್ಷೆಯಿದೆ. ಎರಡು ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಹಿಡಿದು, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪು ಅಂಟಿಸಿ. ಮರುದಿನ ಅದೇ ಹೊತ್ತಿಗೆ ನೋಡಿದಾಗ ಹಾಳೆಯ ಒಳಮೈಯಲ್ಲಿ ಹನಿಗಳಿದ್ದರೆ, ಅಥವಾ ಹಾಳೆ ಕಿತ್ತಾಗ ಆ ಚೌಕ ಸುತ್ತಲಿನ ಗೋಡೆಗಿಂತ ಕಪ್ಪಗೆ ಕಂಡರೆ, ಗೋಡೆ ಇನ್ನೂ ನೀರು ಬಿಡುತ್ತಿದೆ. ನೆಲದ ಹತ್ತಿರ ಒಮ್ಮೆ, ಎದೆಮಟ್ಟದಲ್ಲಿ ಒಮ್ಮೆ ಮಾಡಿ ನೋಡಿ. ಕಾಯುವುದು ಸಾಧ್ಯವೇ ಇಲ್ಲದಿದ್ದರೆ, ಬಣ್ಣವನ್ನು ಮುಂದಕ್ಕೆ ಹಾಕಿ, ಸಾಮಾನುಗಳನ್ನು ಗೋಡೆಯಿಂದ ಒಂದು ಗೇಣು ದೂರವಿಟ್ಟು, ಎದುರುಬದುರು ಕಿಟಕಿಗಳನ್ನು ಹಗಲೆಲ್ಲ ತೆರೆದಿಟ್ಟು ವಾಸಮಾಡಬಹುದು.

ಒಳಗೆ ಹೋದ ಮೇಲೆ ಕೆಲಸಗಾರರ ದಾರಿಯೂ ನಿಮ್ಮ ದಾರಿಯೂ ಬೇರೆಯಾಗಿರಲಿ, ನಡುವಿನ ಬಾಗಿಲ ತೆರಪನ್ನು ತಾತ್ಕಾಲಿಕವಾಗಿ ಇಟ್ಟಿಗೆಯಿಂದ ಮುಚ್ಚಿಸಿ. ಕಟಕಟೆಯಿಲ್ಲದ ಮೆಟ್ಟಿಲಿಗೆ ಅಡ್ಡ ಕಟ್ಟಿಸಿ, ನೀರಿನ ಸಂಪಿಗೆ ಬೀಗ ಹಾಕುವ ಮುಚ್ಚಳ ಮಾಡಿಸಿ. ಉಳಿದ ಮೋಲ್ಡುಗಳ ಮೇಲೆ ಕಟ್ಟೆ ಕಟ್ಟಿ ನಿಲ್ಲಿಸುವ ನೀರನ್ನು ವಾರಕ್ಕೊಮ್ಮೆ ಪೂರ್ತಿ ಹೊರಚೆಲ್ಲಿ ಹೊಸದಾಗಿ ತುಂಬಿಸಿ, ಏಕೆಂದರೆ ನಿಂತ ನೀರಿನಲ್ಲಿ ಸೊಳ್ಳೆಯ ಮೊಟ್ಟೆ ಹುಳುವಾಗಿ, ಸೊಳ್ಳೆಯಾಗಿ ಹಾರಲು ಒಂದು ವಾರದಿಂದ ಹತ್ತು ದಿನ ಸಾಕು. ಶೆಡ್ಡನ್ನು ಮಾತ್ರ ಆ ದಿನವೇ ಕೀಳಬೇಡಿ. ಮರದ ಕೆಲಸ ಮುಗಿಯುವವರೆಗೆ ಸಿಮೆಂಟು, ಹಲಗೆ, ಉಪಕರಣಗಳಿಗೆ ಅದು ಬೇಕು. ಜೊತೆಗೆ ಮೇಲಿನ ಕೆಲಸದ ಸದ್ದು ತಾಳಲಾಗದ ಮಧ್ಯಾಹ್ನಗಳಲ್ಲಿ ಮಗುವೊಂದು ಪುಸ್ತಕ ಹಿಡಿದು ಕೂರಲು, ಒಳಮಾಡು ಕಟ್ಟಿದ ಹಳೆಯ ಶೆಡ್ಡೇ ಹಿತವಾದ ಜಾಗ ಆಗಿರುತ್ತದೆ.