ಮುಂಬೈಯ ಜಾಮಾ ಮಸೀದಿಯೊಳಗೆ ಕೊಳ ಯಾಕಿದೆ?

ನಮಾಜಿಗೆ ಮುಂಚೆ ಮೈ ಶುದ್ಧ ಮಾಡಿಕೊಳ್ಳೋಕೆ. ಇದೇ ವುಝೂ: ಕೈ, ಬಾಯಿ, ಮೂಗು, ಮುಖ, ಮೊಣಕೈವರೆಗೆ ತೋಳು ತೊಳೆದು, ಒದ್ದೆ ಕೈಯಿಂದ ತಲೆ ಸವರಿ, ಕೊನೆಗೆ ಪಾದ ತೊಳೆಯುವುದು. ದಿನಕ್ಕೆ 5 ಹೊತ್ತು ನಮಾಜು ಅಂದಮೇಲೆ ನೀರು ಹತ್ತಿರವೇ ಬೇಕು, ಅಲ್ವಾ? ನಮ್ಮ ಕರಾವಳಿಯ ಹಳೆ ಮಸೀದಿಗಳಲ್ಲೂ ಕೊಳ ನೋಡಿರ್ತೀರಿ.

ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಈ ಮಸೀದಿಯ ವಿಶೇಷ ಬೇರೆ. ಇಲ್ಲಿ ಕೊಳ ಮೊದಲೇ ಇತ್ತು. ಅದನ್ನು ಮುಚ್ಚದೆ ಮೇಲೆಯೇ ಕಟ್ಟಿದರು. ಕೆಲಸ 1802ರಲ್ಲಿ ಮುಗಿಯಿತು. ಕಪ್ಪು ಕಲ್ಲಿನ 16 ಕಮಾನುಗಳು ನೀರಿನಿಂದಲೇ ಎದ್ದು ಮೇಲಿನ ಮಹಡಿಗಳನ್ನು ಹೊತ್ತಿವೆ. ಕೆಳಗೆ ಒರತೆ ನೀರು, ಅದರಲ್ಲಿ ಮೀನುಗಳು. ಹೊರಗೆ ಅಷ್ಟು ಗದ್ದಲ, ಒಳಗೆ ತಂಪು. ಜನ ಗುಮ್ಮಟ, ಮಿನಾರು ನೋಡ್ತಾರೆ, ನನಗಂತೂ ಈ ಕಮಾನುಗಳೇ ಜಾಸ್ತಿ ಚೆಂದ.