ಕೋಟ್ಟೆಯ ವೈಭವವನ್ನು ಎಲ್ಲಿ ಹುಡುಕಬೇಕು?

ಪ್ರಶ್ನೆ: ಈಚೆಗೆ ಶ್ರೀಲಂಕಾ ಪ್ರವಾಸಕ್ಕೆ ಹೋಗಿದ್ದೆವು. ಪೊಲೊನ್ನರುವದ ಶಿಲ್ಪಗಳನ್ನು ಕಂಡು ಬೆರಗಾದೆವು. ಆದರೆ ಸಿಂಹಳ ಸಾಹಿತ್ಯದ ಸುವರ್ಣಯುಗವೆಂದರೆ ಕೋಟ್ಟೆಯ ಪರಾಕ್ರಮಬಾಹುವಿನ ಕಾಲ ಎಂದು ನಮ್ಮ ಮಾರ್ಗದರ್ಶಿ ಹೇಳಿದರು. ಕೊಲಂಬೊ ಪಕ್ಕದ ಆ ಊರಿನಲ್ಲಿ ನಮಗೆ ಹಳೆಯದೇನೂ ಕಾಣಲಿಲ್ಲ. ಅವರ ಮಾತನ್ನು ನಂಬಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಧಾರಾಳವಾಗಿ ನಂಬಬಹುದು. ಆದರೆ ಇಬ್ಬರು ಪರಾಕ್ರಮಬಾಹುಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಪೊಲೊನ್ನರುವದಲ್ಲಿ ಕೆರೆ ಕಟ್ಟಿಸಿ, ಬುದ್ಧವಿಗ್ರಹ ಕಡೆಸಿದವನು 12ನೇ ಶತಮಾನದ ಮೊದಲನೆಯ ಪರಾಕ್ರಮಬಾಹು. ನಿಮ್ಮ ಮಾರ್ಗದರ್ಶಿ ಹೇಳಿದ್ದು ಆರನೆಯವನ ವಿಚಾರ. ಅವನು 1467ರವರೆಗೆ, ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆಳಿದ. ನಮ್ಮ ವಿಜಯನಗರದ ಪ್ರೌಢದೇವರಾಯನ ಸಮಕಾಲೀನ.

ಅವನಿಗೆ ಪಟ್ಟ ಸಿಕ್ಕಿದ್ದು ಗೊಂದಲದ ಹೊತ್ತಿನಲ್ಲಿ. ಚೀನಾದ ಮಿಂಗ್ ನೌಕಾಪಡೆಯ ನಾಯಕ ಝೆಂಗ್ ಹೆ ಲಂಕೆಯಲ್ಲಿ ಅಧಿಕಾರ ನಡೆಸುತ್ತಿದ್ದ ಅಳಕೇಶ್ವರನನ್ನೇ ಸೆರೆಹಿಡಿದು 1411ರಲ್ಲಿ ಚೀನಾಕ್ಕೆ ಒಯ್ದಿದ್ದ. ಇಂಥ ಸ್ಥಿತಿಯಲ್ಲಿ ಬಂದವನು 1450ರ ಹೊತ್ತಿಗೆ ದತ್ತುಮಗ ಸಪುಮಲ್ ಕುಮಾರನ ಕೈಯಲ್ಲಿ ಜಾಫ್ನಾವನ್ನೂ ಗೆಲ್ಲಿಸಿ ದ್ವೀಪವನ್ನು ಒಂದೇ ಛತ್ರದಡಿ ತಂದ. ಲಂಕೆಯ ಅರಸರಲ್ಲಿ ಹಾಗೆ ಇಡೀ ದ್ವೀಪವನ್ನು ಆಳಿದ ಕೊನೆಯವನು ಅವನೇ.

ಕೋಟ್ಟೆಯಲ್ಲಿ ದಂತಧಾತುವಿಗೆಂದು, ಅಂದರೆ ಬುದ್ಧನದೆಂದು ಪೂಜಿಸುವ ಹಲ್ಲಿಗೆಂದು, ಅವನು ಮೂರಂತಸ್ತಿನ ಮಂದಿರ ಕಟ್ಟಿಸಿದ್ದ. 1565ರಲ್ಲಿ ಪೋರ್ಚುಗೀಸರು ಕೋಟ್ಟೆಯನ್ನು ತೊರೆದು ರಾಜನನ್ನೂ ಕೊಲಂಬೊಗೆ ಕರೆದೊಯ್ದ ಮೇಲೆ ಊರು ಹಾಳುಬಿತ್ತು. ಅಳಿದುಳಿದ ಕಲ್ಲುಗಳು ಬೇರೆ ಕಟ್ಟಡಗಳ ಪಾಲಾದವು. ಈಗ ಹುಡುಕಿದರೆ ಕೋಟೆಗೋಡೆ, ಕಂದಕದ ತುಣುಕುಗಳು ಸಿಗುತ್ತವೆ. ನೀವು ನೋಡಿರಬಹುದಾದ ಸಂಸತ್ ಭವನ 1982ರದು.

ಆದ್ದರಿಂದ ಆ ಕಾಲವನ್ನು ಕಾವ್ಯದಲ್ಲಿ ನೋಡಬೇಕು. ತೊಟಗಮುವದ ವಿಜಯಬಾ ಪಿರಿವೆನದ, ಅಂದರೆ ಬೌದ್ಧ ವಿದ್ಯಾಪೀಠದ, ಮುಖ್ಯಸ್ಥ ಶ್ರೀ ರಾಹುಲ ಥೇರರು ಆರು ಭಾಷೆಗಳ ಪಂಡಿತರೆಂದು ಹೆಸರಾದವರು. ಅವರ ‘ಸೆಲಲಿಹಿಣಿ ಸಂದೇಶಯ’ ನಮ್ಮವರು ಓದಲೇಬೇಕಾದ ಕೃತಿ. ಕಾಳಿದಾಸ ಮೋಡವನ್ನು ಕಳುಹಿಸಿದರೆ ಇಲ್ಲಿ ದೂತ ಮೈನಾ ಹಕ್ಕಿ. ಕೋಟ್ಟೆಯ ಬೀದಿ, ಅರಮನೆ, ದಂತಮಂದಿರಗಳ ಮೇಲೆ ಹಾರಿ ಅದು ಕೆಲಣಿಯಕ್ಕೆ ಹೋಗಬೇಕು; ರಾಜಪುತ್ರಿ ಉಲಕುಡಯದೇವಿಗೆ ಗಂಡುಮಗುವಾಗಲೆಂದು ಅಲ್ಲಿನ ದೇವರಲ್ಲಿ ಬೇಡಬೇಕು. ಆ ದೇವರು ಯಾರು ಗೊತ್ತೇ? ರಾಮಾಯಣದ ವಿಭೀಷಣ! ಬೌದ್ಧ ಭಿಕ್ಷುವೊಬ್ಬರು ರಾವಣನ ತಮ್ಮನಿಗೆ ಬರೆದ ಮನವಿ ಇದು. ನಾವು ಪಟ್ಟಾಭಿಷೇಕವಾದೊಡನೆ ಮರೆತುಬಿಡುವ ವಿಭೀಷಣ ಅಲ್ಲಿ ಇಂದಿಗೂ ಪೂಜೆಗೊಳ್ಳುತ್ತಾನೆ.

ಇದಲ್ಲದೆ, ವೀಣೆಯ ಗುರುವಿಗೂ ಶಿಷ್ಯನಿಗೂ ನಡೆದ ಸ್ಪರ್ಧೆಯನ್ನು ಹೇಳುವ ‘ಗುತ್ತಿಲ ಕಾವ್ಯ’ವೂ ಈ ಕಾಲದ್ದೇ. ‘ರುವನ್‌ಮಲ’ ಎಂಬ ನಿಘಂಟನ್ನು ಅರಸನೇ ರಚಿಸಿದನೆಂಬ ಪ್ರತೀತಿಯಿದೆ.

ಕನ್ನಡಿಗರಿಗೆ ಇನ್ನೊಂದು ನಂಟೂ ಉಂಟು. ದಂಡಿಯ ‘ಕಾವ್ಯಾದರ್ಶ’ ಎಂಬ ಸಂಸ್ಕೃತ ಕಾವ್ಯಶಾಸ್ತ್ರ ಗ್ರಂಥವನ್ನು ಆಧರಿಸಿ ನಮ್ಮಲ್ಲಿ ‘ಕವಿರಾಜಮಾರ್ಗ’ ಹುಟ್ಟಿದ 9ನೇ ಶತಮಾನದ ಸುಮಾರಿಗೇ ಸಿಂಹಳದಲ್ಲಿ ‘ಸಿಯಬಸ್‌ಲಕರ’ ಹುಟ್ಟಿತು. ಅದೇ ದಂಡಿ, ಅದೇ ಮೂಲ. ಕೋಟ್ಟೆಯ ಕವಿಗಳ ಹಿಂದೆ ಇಂಥ ಆರೇಳು ಶತಮಾನಗಳ ಅಭ್ಯಾಸವಿತ್ತು.

ಅಂದಹಾಗೆ, ಹಕ್ಕಿಯ ಮನವಿ ಫಲಿಸಿತು. ಉಲಕುಡಯದೇವಿಯ ಮಗನೇ ಅಜ್ಜನ ನಂತರ ಪಟ್ಟಕ್ಕೆ ಬಂದ. ಆದರೆ ಕೆಲವೇ ವರ್ಷಗಳಲ್ಲಿ ಜಾಫ್ನಾದಿಂದ ದಂಡೆತ್ತಿ ಬಂದ ಸಪುಮಲ್ ಅವನನ್ನು ಕೊಂದು ಭುವನೈಕಬಾಹು ಎಂಬ ಹೆಸರಿನಲ್ಲಿ ಸಿಂಹಾಸನವೇರಿದ. ಜಾಫ್ನಾ ಮತ್ತೆ ಕೈತಪ್ಪಿತು.