ಎರಡೂ ಎಂಪಿ4 ಫೈಲೇ, ಆದರೆ ಒಂದು ಮಾತ್ರ ಎಡಿಟಿಂಗ್ ಸಾಫ್ಟ್‌ವೇರ್‌ನ ಟೈಮ್‌ಲೈನ್‌ನಲ್ಲಿ ಮುಗ್ಗರಿಸುತ್ತದೆ. ಒಳಗಿರುವ ಕೋಡೆಕ್, ಅಂದರೆ ವಿಡಿಯೋವನ್ನು ಕುಗ್ಗಿಸಿಟ್ಟ ವಿಧಾನ, ಯಾವುದೆಂದು ತಿಳಿಯುವುದು ಹೇಗೆ?

ಎಂಪಿ4, ಎಂಒವಿ, ಎಂಕೆವಿ ಇವೆಲ್ಲ ಬರೀ ಡಬ್ಬಿಗಳು, ಅಂದರೆ ಕಂಟೇನರ್. ಒಳಗೆ ಏನಿದೆ ಎಂದು ಡಬ್ಬಿಯ ಹೆಸರು ಹೇಳುವುದಿಲ್ಲ. ನಿಮ್ಮ ಒಂದು ಎಂಪಿ4ನಲ್ಲಿ ಎಚ್.264, ಇನ್ನೊಂದರಲ್ಲಿ ಎಚ್.265 ಇರಬಹುದು. ಎಕ್ಸ್‌ಟೆನ್ಶನ್ ತಿದ್ದಿ ಹೆಸರು ಬದಲಿಸಿದರೆ ಕೋಡೆಕ್ ಬದಲಾಗುವುದೂ ಇಲ್ಲ.

ಬೇಗ ನೋಡಬೇಕೆಂದರೆ ಪ್ರೀಮಿಯರ್‌ನಲ್ಲಿ ಕ್ಲಿಪ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. ಡಾವಿಂಚಿ ರಿಸಾಲ್ವ್‌ನಲ್ಲಾದರೆ ಮೀಡಿಯಾ ಪೂಲ್ ಅನ್ನು ಲಿಸ್ಟ್ ವ್ಯೂಗೆ ತಂದು, ವಿಡಿಯೋ ಕೋಡೆಕ್ ಕಾಲಮ್ ನೋಡಿ. ಫೈಲ್ ಇಂಪೋರ್ಟ್ ಆಗದೇ ಹೋದರೆ ವಿಎಲ್‌ಸಿಯಲ್ಲಿ ತೆರೆದು, ಟೂಲ್ಸ್ ಮೆನುವಿನ ಕೋಡೆಕ್ ಇನ್ಫರ್ಮೇಶನ್ ಒತ್ತಿ. ಇವು ಹೆಸರು ತಿಳಿಯಲು ಸಾಕು. ಆದರೆ ಫೈಲ್ ಯಾಕೆ ಮುಗ್ಗರಿಸುತ್ತದೆ ಎಂಬುದು ಬರೀ ಹೆಸರಿನಿಂದ ಗೊತ್ತಾಗುವುದು ಅಪರೂಪ. ಅದಕ್ಕೆ ಉಚಿತವಾಗಿ ಸಿಗುವ ಮೀಡಿಯಾಇನ್ಫೋ ಹಾಕಿಕೊಳ್ಳಿ. ವ್ಯೂ ಮೆನುವಿನಲ್ಲಿ ಟೆಕ್ಸ್ಟ್ ಅಥವಾ ಟ್ರೀ ಆರಿಸಿ, ಎರಡೂ ಫೈಲುಗಳ ವಿಡಿಯೋ ವಿಭಾಗವನ್ನು ಅಕ್ಕಪಕ್ಕ ಇಟ್ಟು ಓದಿ.

ಫಾರ್ಮ್ಯಾಟ್ ಸಾಲಿನಲ್ಲಿ ಎವಿಸಿ ಎಂದಿದ್ದರೆ ಅದೇ ಎಚ್.264, ಎಚ್‌ಇವಿಸಿ ಎಂದಿದ್ದರೆ ಎಚ್.265. ಅಲ್ಲಿಗೇ ನಿಲ್ಲಬೇಡಿ, ಅಸಲಿ ಸುಳಿವು ಇರುವುದು ಅದರ ಕೆಳಗೆ. ಫಾರ್ಮ್ಯಾಟ್ ಪ್ರೊಫೈಲ್ (ಕೋಡೆಕ್‌ನ ಉಪವಿಧ), ಕ್ರೋಮಾ ಸಬ್‌ಸ್ಯಾಂಪ್ಲಿಂಗ್ (ಬಣ್ಣದ ಮಾಹಿತಿ ಎಷ್ಟು ಉಳಿದಿದೆ ಎಂಬುದು, 4:2:0 ಅಥವಾ 4:2:2 ಎಂಬಂತೆ), ಬಿಟ್ ಡೆಪ್ತ್ (ಬಣ್ಣದ ಛಾಯೆಗಳ ಸೂಕ್ಷ್ಮತೆ), ಈ ಮೂರನ್ನೂ ಒಟ್ಟಿಗೆ ನೋಡಿ. 4:2:0, 8 ಬಿಟ್‌ನ ಎಚ್.264 ಅನ್ನು ಹೆಚ್ಚುಕಡಿಮೆ ಎಲ್ಲ ಗ್ರಾಫಿಕ್ಸ್ ಚಿಪ್‌ಗಳೂ ಹಾರ್ಡ್‌ವೇರ್‌ನಲ್ಲೇ ಬಿಡಿಸುತ್ತವೆ, ಅಂದರೆ ಡಿಕೋಡ್ ಮಾಡುತ್ತವೆ. ಅದೇ ಕೋಡೆಕ್ 4:2:2, 10 ಬಿಟ್ ಆಗಿಬಿಟ್ಟರೆ ಅನೇಕ ಯಂತ್ರಗಳಲ್ಲಿ ಇಡೀ ಹೊರೆ ಸಿಪಿಯು ತಲೆಗೆ ಬೀಳುತ್ತದೆ. ಎನ್‌ವಿಡಿಯಾದಲ್ಲಿ ಆರ್‌ಟಿಎಕ್ಸ್ 50 ಸರಣಿಗೆ ಮುಂಚಿನ ಕಾರ್ಡುಗಳು 4:2:2 ಅನ್ನು ಬಿಡಿಸುವುದಿಲ್ಲ. ದುಬಾರಿ ಕಾರ್ಡ್ ಇದ್ದೂ ಪ್ಲೇಬ್ಯಾಕ್ ತಡವರಿಸುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಮುಂದಿನದು ಫ್ರೇಮ್ ರೇಟ್ ಮೋಡ್. ಅಲ್ಲಿ ವೇರಿಯಬಲ್ (ಫ್ರೇಮುಗಳ ವೇಗ ಒಂದೇ ಸಮ ಇಲ್ಲ) ಎಂದಿದ್ದರೆ ಅದು ಬಹುಪಾಲು ಫೋನ್ ಅಥವಾ ಸ್ಕ್ರೀನ್ ರೆಕಾರ್ಡಿಂಗ್. ಶುರುವಿನಲ್ಲಿ ಸರಿಯಾಗಿದ್ದ ತುಟಿ ಚಲನೆ ಮತ್ತು ದನಿ ಹತ್ತು ನಿಮಿಷದ ಹೊತ್ತಿಗೆ ಬೇರೆಬೇರೆಯಾಗುವುದು ಇದರಿಂದಲೇ. ಹ್ಯಾಂಡ್‌ಬ್ರೇಕ್ ಎಂಬ ಪರಿವರ್ತನೆ ಸಾಫ್ಟ್‌ವೇರ್‌ನ ವಿಡಿಯೋ ಟ್ಯಾಬ್‌ನಲ್ಲಿ ಕಾನ್‌ಸ್ಟಂಟ್ ಫ್ರೇಮ್‌ರೇಟ್ ಆರಿಸಿ, 30 ಅಥವಾ 25 ಎಂದು ನಿಗದಿ ಮಾಡಿ ಪರಿವರ್ತಿಸಿ, ಆಮೇಲೆ ಎಡಿಟಿಂಗ್‌ಗೆ ತನ್ನಿ. ಕತ್ತರಿಸಿ ಮುಗಿಸಿದ ಮೇಲೆ ಬದಲಿಸಲು ಹೋದರೆ ಕಟ್‌ಗಳು ಜಾಗ ತಪ್ಪಬಹುದು.

ಕೋಡೆಕ್ ಐಡಿಯಲ್ಲಿ ಎಪಿಸಿಎನ್ ಎಂಬ ನಾಲ್ಕು ಇಂಗ್ಲಿಷ್ ಅಕ್ಷರ ಕಂಡರೆ ಅದು ಎಡಿಟಿಂಗ್‌ಗೆಂದೇ ಇರುವ ಪ್ರೋರೆಸ್ 422 ಕೋಡೆಕ್, ಎಪಿಸಿಎಚ್ ಆದರೆ 422 ಎಚ್‌ಕ್ಯೂ. ಇವುಗಳಲ್ಲಿ ಪ್ರತಿ ಫ್ರೇಮೂ ಸ್ವತಂತ್ರ, ಹಾಗಾಗಿ ಸ್ಕ್ರಬ್ ಮಾಡುವಾಗ, ಅಂದರೆ ಟೈಮ್‌ಲೈನ್ ಮೇಲೆ ಹಿಂದೆಮುಂದೆ ಎಳೆಯುವಾಗ, ಸಲೀಸು. ಎಚ್.264, ಎಚ್.265ನಲ್ಲಿ ಸಾಮಾನ್ಯವಾಗಿ ಒಂದು ಫ್ರೇಮ್ ತೋರಿಸಲು ಅದರ ಆಚೀಚಿನ ಫ್ರೇಮುಗಳನ್ನೂ ಬಿಡಿಸಬೇಕು. ಹಿಂದಕ್ಕೆ ಎಳೆದಾಗ ಇನ್ನೂ ಕಷ್ಟ.

ನಿಮ್ಮ ಫೈಲ್ 4:2:2, 10 ಬಿಟ್ ಎಂದು ಗೊತ್ತಾದರೆ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲೇ ಪ್ರಾಕ್ಸಿ (ಎಡಿಟಿಂಗ್‌ಗಷ್ಟೇ ಬಳಸುವ ಹಗುರ ಪ್ರತಿ) ಮಾಡಿಕೊಳ್ಳುವುದು ಮೊದಲ ದಾರಿ. ಇಲ್ಲವೇ ಶಟರ್ ಎನ್‌ಕೋಡರ್ ಎಂಬ ಪರಿವರ್ತನೆ ಸಾಫ್ಟ್‌ವೇರ್‌ನಲ್ಲಿ ಪ್ರೋರೆಸ್ 422 ಅಥವಾ ಅಂಥದ್ದೇ ಎಡಿಟಿಂಗ್ ಕೋಡೆಕ್ ಆದ ಡಿಎನ್‌ಎಕ್ಸ್‌ಎಚ್‌ಆರ್‌ಗೆ ಬದಲಿಸಿ. ಡಿಸ್ಕ್ ಜಾಗ ಮಾತ್ರ ನೋಡಿಕೊಳ್ಳಿ: 1080ಪಿ, 29.97 ಫ್ರೇಮಿನ ಪ್ರೋರೆಸ್ 422 ಗಂಟೆಗೆ ಸುಮಾರು 66 ಜಿಬಿ ತಿನ್ನುತ್ತದೆ. 8 ಬಿಟ್ ಮೂಲವನ್ನು ಪ್ರೋರೆಸ್ ಮಾಡಿದ ಮಾತ್ರಕ್ಕೆ ಬಣ್ಣವೇನೂ ಹೆಚ್ಚುವುದಿಲ್ಲ, ಓಡುವುದಷ್ಟೇ ಹಗುರಾಗುತ್ತದೆ.

ಸಮಸ್ಯೆ ಬರೀ ಎಂಕೆವಿ ಡಬ್ಬಿಯದ್ದಾಗಿದ್ದರೆ ಮರು ಎನ್‌ಕೋಡ್ ಬೇಡವೇ ಬೇಡ. ಸ್ಕ್ರೀನ್ ರೆಕಾರ್ಡಿಂಗ್ ಸಾಫ್ಟ್‌ವೇರ್ ಓಬಿಎಸ್‌ನ ಫೈಲ್ ಮೆನುವಿನಲ್ಲಿ ರಿಮಕ್ಸ್ ರೆಕಾರ್ಡಿಂಗ್ಸ್ ಇದೆ, ಅದು ಡಬ್ಬಿಯನ್ನಷ್ಟೇ ಬದಲಿಸುತ್ತದೆ. ಗುಣಮಟ್ಟ ಒಂದಿಷ್ಟೂ ಕೆಡದೆ ಸ್ವಲ್ಪ ಹೊತ್ತಿನಲ್ಲೇ ಎಂಪಿ4 ಕೈಗೆ ಬರುತ್ತದೆ.